ಹದಿಮೂರು ವರ್ಷ ಎಂಟು ತಿಂಗಳು

ನನ್ನ ಮಗ ಸತ್ತ ವರ್ಷವೂ ನಾನು ಹರಕೆಯ ಟಗರು ಕೊಯ್ದು ಕುರ್ಬಾನ್ ಮಾಡಿದೆ. ಅದಕ್ಕೆ ಊರಿನವರು ನನಗೆ ತಲೆ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ಏನು ನಡೆಯಿತೋ ಅದನ್ನು ನಾನೇ ಹೇಳುತ್ತೇನೆ. ಅಂಗಡಿಯ ಮುಂದೆ ಕೂತವರು ಹೇಳುವುದರಲ್ಲಿ ಅರ್ಧ ಸುಳ್ಳು, ಇನ್ನರ್ಧ ಅವರ ಹೆಂಡತಿಯರು ಸೇರಿಸಿದ್ದು.

ಲ್ಯೂಬೆನ್ ಐದು ವರ್ಷದವನಿದ್ದಾಗ ತಂಬಾಕು ಒಣಗಿಸುವ ಅಟ್ಟದಿಂದ ಬಿದ್ದ. ಕೆಳಗೆ ಕಲ್ಲುಚಪ್ಪಡಿ. ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ನನ್ನನ್ನು ಕಿಟಕಿಯ ಹತ್ತಿರ ಕರೆದು, "ಇನ್ನೊಂದು ಮಗು ಮಾಡ್ಕೊಳ್ಳೋ ವಯಸ್ಸು ನಿನಗಿನ್ನೂ ಇದೆಯಮ್ಮ" ಎಂದರು. ನಾನು ಅವರಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಹೇಳುವಂತಿಲ್ಲ. ಅವರು ಹೋದ ಮೇಲೆ ಆ ಕಿಟಕಿಯ ಸರಳು ಹಿಡಿದುಕೊಂಡೇ ಹರಕೆ ಹೊತ್ತೆ. ಇವನನ್ನು ಬಿಟ್ಟುಕೊಡು, ವರ್ಷಾವರ್ಷ ಟಗರುಮರಿ ಕೊಯ್ದು ಊರಿಗೆಲ್ಲ ಉಣಿಸುತ್ತೇನೆ ಎಂದೆ. ಹನ್ನೆರಡನೆಯ ದಿನ, ಜೂನ್ ಹದಿನೇಳಕ್ಕೆ, ಹುಡುಗ ಕಣ್ಣು ಬಿಟ್ಟ. ಹಂದಿಕೊಬ್ಬು ಸವರಿದ ರೊಟ್ಟಿ ಬೇಕು ಎಂದ. ಮೇಲೆ ಕೆಂಪು ಮೆಣಸಿನಪುಡಿ ಇರಬೇಕು ಎಂದೂ ಹೇಳಿದ.

ಅಲ್ಲಿಂದ ಪ್ರತಿ ಜೂನ್ ಹದಿನೇಳಕ್ಕೆ ನಮ್ಮ ಅಂಗಳದಲ್ಲಿ ತಾಮ್ರದ ಹಂಡೆ ಏರುತ್ತಿತ್ತು. ಪಾದ್ರಿಗಳು ಉಪ್ಪಿನ ಮೇಲೆ ಪ್ರಾರ್ಥನೆ ಓದುವರು. ಟಗರಿನ ಕೋಡಿಗೆ ಮೇಣದ ಬತ್ತಿ ಅಂಟಿಸಿ ಹಚ್ಚುವೆವು. ಲ್ಯೂಬೆನ್ ಅದರ ತಲೆಯ ಮೇಲೆ ಕೈ ಇಡುವನು. ಅವನಪ್ಪ ಸ್ತಾಮೆನ್ ಕೊಯ್ದು, ಮಗನ ಹಣೆಗೆ ಒಂದು ಬೊಟ್ಟು ರಕ್ತ ಹಚ್ಚುವನು. ಮಧ್ಯಾಹ್ನಕ್ಕೆ ಊರ ಹೆಂಗಸರು ತಮ್ಮ ತಮ್ಮ ಪಾತ್ರೆ ಹಿಡಿದು ಬರುವರು. ಒಂದೊಂದು ಸೌಟು ಹಾಕಿಸಿಕೊಂಡು, "ದೇವರು ಒಪ್ಪಿಕೊಳ್ಳಲಿ" ಎನ್ನುವರು. ಕುರ್ಬಾನಿಗೆ ಆಡುವ ಮಾತು ಅದೇ. ಸತ್ತವರ ಹೆಸರಲ್ಲಿ ಹಂಚುವುದು ಬೇರೆ. ಅದಕ್ಕೆ ಬೇಯಿಸಿದ ಗೋಧಿ, ಸಕ್ಕರೆ, ವೈನು. ಅದನ್ನು ಇಸಿದುಕೊಂಡವರು, "ದೇವರು ಕ್ಷಮಿಸಲಿ" ಎನ್ನುತ್ತಾರೆ. ಒಂದರ ಮಾತನ್ನು ಇನ್ನೊಂದಕ್ಕೆ ಆಡಿದರೆ ನಮ್ಮೂರಲ್ಲಿ ಬಾಯಿಗೇ ಏಟು ಬೀಳುತ್ತಿತ್ತು.

ಹದಿಮೂರು ಕುರ್ಬಾನ್ ಆಯಿತು. ಈ ಫೆಬ್ರವರಿಯಲ್ಲಿ, ಗಿರಣಿಯ ಕೆಳಗಿನ ತಿರುವಿನಲ್ಲಿ, ಮಂಜುಗಡ್ಡೆಯ ಮೇಲೆ ಅವನ ಮೋಟಾರ್‌ಸೈಕಲ್ ಜಾರಿತು. ಹತ್ತೊಂಬತ್ತಕ್ಕೆ ಕಾಲಿಟ್ಟಿದ್ದ.

ಮೇ ಕೊನೆಯಲ್ಲಿ ಸ್ತಾಮೆನ್ ಕೊಟ್ಟಿಗೆಯಿಂದ ಬಂದು ಕೈ ತೊಳೆಯುತ್ತ, "ಆ ಟಗರುಮರೀನ ಮಾರ್ಬಿಡೋಣ" ಎಂದ.

"ಯಾಕೆ? ಹದಿನೇಳಕ್ಕೆ ಬೇಕಲ್ಲ."

ಅವನು ನೀರಿನ ಚೊಂಬು ಕೆಳಗಿಟ್ಟ. "ಯಾರಿಗೆ ಕುರ್ಬಾನ್?"

"ಯಾರಿಗೆ ಅಂದ್ರೆ? ಪ್ರತಿ ವರ್ಷ ಯಾರಿಗೋ ಅವನಿಗೇ."

"ದಾಫಿನಾ, ಕೇಳಿದೆ, ಕೊಟ್ಟ. ಆಮೇಲೆ ಕಿತ್ಕೊಂಡ. ಮುಗೀತು. ಅವನೂ ಮಾತು ಮುರಿದ, ನೀನೂ ಮುರಿ."

"ಕಿತ್ಕೊಂಡ ಅಂತ ಕೊಟ್ಟಿದ್ದು ಸುಳ್ಳಾಗುತ್ತಾ?"

"ಅವನಿಗೆ ಹೋಗಿ ನೀನು ಉಪಕಾರ ಆಯ್ತಪ್ಪಾ ಅಂತೀಯಾ? ಅವನಿಗೆ?" ಆಕಾಶದ ಕಡೆ ಬೆರಳು ತೋರಿಸಿ ನೆಲಕ್ಕೆ ಉಗುಳಿದ. "ಮಾಡ್ಕೋ. ನಾನು ಚಾಕು ಮುಟ್ಟಲ್ಲ."

ಫೆಬ್ರವರಿಯಿಂದ ಅವನು ಮಗನ ಹೆಸರು ಎತ್ತಿರಲಿಲ್ಲ. ಅಂದೂ ಎತ್ತಲಿಲ್ಲ.

ನನಗೇನು ದೇವರ ಮೇಲೆ ಪ್ರೀತಿ ಉಕ್ಕುತ್ತಿತ್ತು ಎಂದು ಯಾರೂ ತಿಳಿಯಬಾರದು. ಮಣ್ಣು ಮಾಡಿ ಬಂದ ದಿನವೇ ಒಳಮನೆಯ ದೇವರ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದೆ. ಚಿಕ್ಕಂದಿನಿಂದ ನನ್ನಮ್ಮ ಹೇಳಿಕೊಟ್ಟಿದ್ದೊಂದು ಅಭ್ಯಾಸವಿತ್ತು. ಬೆಳಿಗ್ಗೆ ಎದ್ದು, ಏನನ್ನೂ ಬೇಡುವ ಮೊದಲು, ನಿನ್ನೆ ಸಿಕ್ಕಿದ್ದರಲ್ಲಿ ಒಂದನ್ನು ಹೆಸರು ಹಿಡಿದು, ಇದಕ್ಕೆ ಉಪಕಾರ ಎಂದು ಹೇಳಬೇಕು. ಸುಮ್ಮನೆ "ಎಲ್ಲದಕ್ಕೂ" ಎಂದರೆ ಆಗುವುದಿಲ್ಲ. ಅದು ಸೋಮಾರಿಗಳ ಮಾತು ಎನ್ನುತ್ತಿದ್ದಳು ಅಮ್ಮ. ಆ ಅಭ್ಯಾಸವೂ ನಿಂತಿತ್ತು. ಆದರೆ ಊರಿನವರು ಬಂದು ಬಂದು ಆಡುತ್ತಿದ್ದ ಮಾತು ನನ್ನನ್ನು ಕೊರೆಯುತ್ತಿತ್ತು. "ಪಾಪ, ಸತ್ತುಹೋದ ಹುಡುಗ." "ಅಯ್ಯೋ, ಹೋಗ್ಬಿಟ್ಟ ಮಗು." ಒಬ್ಬರ ಬಾಯಲ್ಲೂ ಅವನು ನಕ್ಕದ್ದು, ಕದ್ದದ್ದು, ಉಂಡದ್ದು ಬರಲಿಲ್ಲ. ಅವನು ಹುಟ್ಟಿದ್ದೇ ಆ ತಿರುವಿನಲ್ಲಿ ಸಾಯಲು ಎಂಬ ಹಾಗೆ. ಐದನೆಯ ವರ್ಷಕ್ಕೇ ಹೋಗಬೇಕಾದವನು ಇನ್ನೂ ಹದಿಮೂರು ವರ್ಷ ಎಂಟು ತಿಂಗಳು ನನ್ನ ಮನೆಯಲ್ಲಿ ಬಾಗಿಲು ದಢಾರ್ ಎನ್ನಿಸಿಕೊಂಡು ಓಡಾಡಿದ್ದ. ಅದನ್ನೆಲ್ಲ ಒಂದು ತಿರುವು ನುಂಗಿಬಿಡುವುದೇ? ಜೂನ್ ಹದಿನೇಳಕ್ಕೂ ಗೋಧಿ ಬೇಯಿಸಿದರೆ ನುಂಗಿತು ಎಂದು ನಾನೇ ಸಹಿ ಹಾಕಿದ ಹಾಗೆ. ಹಾಕುವವಳಲ್ಲ ನಾನು. ಯಾರ ಮೇಲೆ ಸಿಟ್ಟಿದೆಯೋ ಅವನಿಗೂ ಹೇಳಬೇಕಾದ್ದನ್ನು ಹೇಳಲೇಬೇಕು.

ಒಂದು ಗಂಟು ಉಪ್ಪು ಕಟ್ಟಿಕೊಂಡು ಪಾದ್ರಿ ನಿಕಿಫೋರ್ ಹತ್ತಿರ ಹೋದೆ. ಅವರು ಚರ್ಚಿನ ಹಿಂದೆ ಮುಖಕ್ಕೆ ಜಾಲರಿ ಹಾಕಿಕೊಂಡು ಜೇನುಪೆಟ್ಟಿಗೆಗೆ ಹೊಗೆ ಹಿಡಿಯುತ್ತಿದ್ದರು.

"ಹತ್ರ ಬರ್ಬೇಡ ದಾಫಿನಾ, ಇವತ್ತು ಹುಳ ಸಿಟ್ಟಾಗಿವೆ."

"ನನಗಿಂತಾನಾ? ಉಪ್ಪಿಗೆ ಓದಿಕೊಡಿ ಪಾದ್ರಿಗಳೇ. ಹದಿನೇಳಕ್ಕೆ ಕುರ್ಬಾನ್."

ಜಾಲರಿ ಎತ್ತಿ ನನ್ನನ್ನು ನೋಡಿದರು. ಮೆತ್ತಗಿನ ದನಿ ತೆಗೆದರು. ಆ ದನಿ ಕೇಳಿದರೆ ನನಗೆ ಮೈ ಉರಿಯುತ್ತದೆ. "ಮಗಳೇ, ಗೋಧಿ ತಗೊಂಬಾ. ಗೋಧಿಗೆ ಓದ್ತೀನಿ."

"ಒಂಬತ್ತನೇ ದಿನಕ್ಕೆ ಗೋಧಿ ಮಾಡಿದೀನಿ. ನಲವತ್ತಕ್ಕೂ ಮಾಡಿದೀನಿ. ಇದು ಬೇರೆ."

"ಕುರ್ಬಾನ್ ಬದುಕಿರೋರ ಆರೋಗ್ಯಕ್ಕೆ. ಇಲ್ಲಿ ಯಾರ ಆರೋಗ್ಯ ಕೇಳ್ತೀಯ?"

"ಕೇಳ್ತಾ ಇಲ್ಲ. ಏನೂ ಕೇಳ್ತಾ ಇಲ್ಲ. ಕೇಳಿದ್ದು ಆವತ್ತೇ ಮುಗೀತು. ಸಿಕ್ಕಿದ್ದನ್ನ ಸಿಕ್ತು ಅಂತ ಹೇಳ್ಬೇಕಾಗಿದೆ, ಅಷ್ಟೆ."

"ಅದಕ್ಕೆ ಪುಸ್ತಕದಲ್ಲಿ ಪ್ರಾರ್ಥನೆ ಇಲ್ಲಮ್ಮ."

"ಹಾಗಾದ್ರೆ ನಿಮ್ಮ ಪುಸ್ತಕ ಸಣ್ಣದಾಯ್ತು."

ಅವರ ಮುಖ ಕೆಂಪಾಯಿತು. ಹೊಗೆಯ ಡಬ್ಬ ಕೆಳಗಿಟ್ಟರು. ನಾನು ತಿರುಗಿ ಹೊರಟಾಗ ಹಿಂದಿನಿಂದ, "ತೊಗಲನ್ನಾದ್ರೂ ಚರ್ಚಿಗೆ ಕಳಿಸ್ತೀಯೋ ಇಲ್ವೋ? ಅದು ವಾಡಿಕೆ!" ಎಂದು ಕೂಗಿದರು.

"ಓದದೋರಿಗೆ ತೊಗಲಿಲ್ಲ!"

ಇನ್ನು ಕೊಯ್ಯುವವರು ಬೇಕಿತ್ತು. ಹೆಂಗಸು ಕುರ್ಬಾನಿಗೆ ಚಾಕು ಹಿಡಿಯುವಂತಿಲ್ಲ. ಆ ಒಂದು ನಿಯಮವನ್ನು ಮುರಿದರೆ ಉಳಿದದ್ದೆಲ್ಲ ನಾಟಕ ಎಂದುಬಿಡುತ್ತಾರೆ. ಸೇತುವೆ ದಾಟಿ ಕೆಳಕೇರಿಗೆ ಹೋದೆ. ಅಲ್ಲಿ ರಾಯಿಫ್ ಇದ್ದಾನೆ, ಕಸಾಯಿ. ಮುಸಲ್ಮಾನ. ಊರ ಶಾಲೆಯಲ್ಲಿ ನಾಲ್ಕು ವರ್ಷ ನನ್ನ ಪಕ್ಕದ ಬೆಂಚು. ನನ್ನ ಗಣಿತ ನೋಡಿ ಬರೆದು ಇಬ್ಬರೂ ಒಟ್ಟಿಗೆ ಫೇಲಾಗಿದ್ದೆವು.

"ಏನ್ ದಾಫಿನಾ, ಬಿರುಗಾಳಿ ಬಂದಂಗೆ ಬರ್ತಿದೀಯ? ಯಾರನ್ನ ಕೊಯ್ಬೇಕು?"

"ಟಗರನ್ನ. ಸ್ತಾಮೆನ್ ಒಲ್ಲೆ ಅಂದ. ಪಾದ್ರಿ ಓದಲ್ಲ ಅಂದ."

"ಯಾರ ಹೆಸರಲ್ಲಿ?"

"ಲ್ಯೂಬೆನ್."

ಅವನ ನಗು ನಿಂತಿತು. ಚಾಕುವನ್ನು ಬಟ್ಟೆಯಲ್ಲಿ ಒರೆಸಿದ. ಮತ್ತೊಂದು ಸಲ ಒರೆಸಿದ.

"ನಮ್ಮ ಮಸೀದಿ ಹೋಜಾನ ಕೇಳಿದ್ರೆ ಇದು ಸರಿಯೋ ತಪ್ಪೋ ಅಂತ ಎರಡು ಗಂಟೆ ಹೇಳ್ತಾನೆ" ಎಂದ. "ಕೇಳೋದೇ ಬೇಡ. ಎಷ್ಟೊತ್ತಿಗೆ ಬರ್ಲಿ?"

ಹದಿನೇಳರ ಬೆಳಿಗ್ಗೆ ಬಿಸಿಲು ಬರುವಷ್ಟರಲ್ಲಿ ರಾಯಿಫ್ ಅಂಗಳದಲ್ಲಿದ್ದ. ಸ್ತಾಮೆನ್ ನಮ್ಮಿಬ್ಬರ ಮುಖವನ್ನೂ ನೋಡದೆ ಕೊಟ್ಟಿಗೆಗೆ ಹೋಗಿ, ಹುಲ್ಲು ಕೊಯ್ಯುವ ಕುಡುಗೋಲಿನ ಅಲಗನ್ನು ಸುತ್ತಿಗೆಯಿಂದ ತಟ್ಟಿ ಹರಿತ ಮಾಡಲು ಕೂತ. ಟಕ್, ಟಕ್, ಟಕ್. ಉಪ್ಪಿಗೆ ನಾನೇ ಶಿಲುಬೆಯ ಗುರುತು ಮಾಡಿದೆ. ಕೋಡಿಗೆ ಬತ್ತಿ ಹಚ್ಚಿದೆ. ತಲೆಯ ಮೇಲೆ ಕೈ ಇಡುವವನಿಲ್ಲ. ನಾನೇ ಇಟ್ಟೆ. ಟಗರಿನ ತಲೆ ಬೆಚ್ಚಗಿತ್ತು. ರಾಯಿಫ್ ಒಂದೇ ಏಟಿಗೆ ಕೆಲಸ ಮುಗಿಸಿದ. ಆಮೇಲೆ ಬೆರಳು ರಕ್ತಕ್ಕೆ ಅದ್ದಿ, ಎತ್ತಿ, ಯಾರ ಹಣೆಗೆ ಎಂದು ತಿಳಿಯದೆ ನಿಂತುಬಿಟ್ಟ.

"ಇತ್ತ ಹಚ್ಚೋ" ಎಂದು ನನ್ನ ತಲೆಬಟ್ಟೆ ಹಿಂದಕ್ಕೆ ಸರಿಸಿದೆ.

ಹಚ್ಚಿದ. "ದೇವರು ಒಪ್ಪಿಕೊಳ್ಳಲಿ" ಎಂದ. ಅವರಲ್ಲೂ ಅದೇ ಮಾತು. ತೊಗಲು ಅವನಿಗೇ ಕೊಟ್ಟೆ. ಬೇಡ ಬೇಡ ಎಂದು ಮೂರು ಸಲ ಹೇಳಿ, ಮಡಚಿಕೊಂಡು ಹೋದ.

ಬಾಡು, ಈರುಳ್ಳಿ, ಅಕ್ಕಿ, ಪುದೀನ. ಮಧ್ಯಾಹ್ನಕ್ಕೆ ಹಂಡೆ ಕುದಿದು ವಾಸನೆ ಮೂರು ಬೀದಿ ದಾಟಿತು. ಹೆಂಗಸರು ಬಂದರು. ಹದಿನೈದಿಪ್ಪತ್ತು ಜನ, ಪಾತ್ರೆಗಳ ಸಮೇತ. ಕೆಲವರು ಕರುಣೆಯಿಂದ ಬಂದಿದ್ದರು, ಉಳಿದವರು ನೋಡಲು. ಮುಂದೆ ಕೇರಾ ಅಜ್ಜಿ, ನಮ್ಮ ಪಕ್ಕದ ಮನೆಯವಳು. ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಇಪ್ಪತ್ತು. ಪಾತ್ರೆ ಚಾಚಿದಳು. ನಾನು ಸೌಟು ಎತ್ತಿದೆ.

"ಲ್ಯೂಬೆನ್‌ನ ದೇವರು ಕ್ಷಮಿಸಲಿ" ಎಂದಳು.

ಸೌಟು ಹಂಡೆಗೆ ಹಿಂದಿರುಗಿತು.

"ಸರಿಯಾದ ಮಾತು ಹೇಳಜ್ಜಿ."

"ಅದೇ ಕಣೇ ಸರಿಯಾದ ಮಾತು."

"ಇದು ಗೋಧಿಯಲ್ಲ. ಕುರ್ಬಾನ್. ಕುರ್ಬಾನಿಗೆ ಏನಂತಾರೋ ಅದನ್ನ ಹೇಳು."

"ನಿನ್ನ ಮಗ ಸತ್ತಿದಾನೆ ಕಣೇ ದಾಫಿನಾ."

"ನಂಗೆ ಗೊತ್ತಿಲ್ವಾ? ತೊಳೆದೋಳು ನಾನು. ಶರಟಿನ ಗುಂಡಿ ಹಾಕ್ದೋಳು ನಾನು. ನೀನು ಬಂದು ಹೇಳ್ಬೇಕಾ?"

"ಸತ್ತೋರ ಹೆಸರಲ್ಲಿ ಒಪ್ಪಿಕೊಳ್ಳಲಿ ಅಂದ್ರೆ, ಅವನ್ನ ಕರ್ಕೊಂಡಿದ್ದಕ್ಕೆ ಖುಷಿಪಟ್ಟಂಗಾಗುತ್ತೆ. ನನ್ನ ನಾಲಿಗೆ ಹೊರಳಲ್ಲ."

"ಹಾಗಾದ್ರೆ ನಿನ್ನ ಪಾತ್ರೇನೂ ತುಂಬಲ್ಲ."

ಅವಳು ಪಾತ್ರೆಯನ್ನು ಎದೆಗೆ ಒತ್ತಿಕೊಂಡಳು. "ಕೇಳಿದ್ರೇನ್ರೇ? ಎಂಬತ್ತೆರಡು ವರ್ಷಕ್ಕೆ ಕುರ್ಬಾನಿಂದ ಬರಿಗೈಲಿ ಕಳಿಸಿದಾಳೆ! ನಡೀರಿ!" ನಡೆದೇಬಿಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಒಬ್ಬಳು ಗೇಟಿನ ಹತ್ತಿರ ಹಿಂದಿರುಗಿ ನೋಡಿದಳು. "ಹೋಗು, ಹೋಗು, ನೀನೂ ಹೋಗು" ಎಂದೆ.

ಅಂಗಳದಲ್ಲಿ ನಾನು, ತುಂಬಿದ ಹಂಡೆ, ಕೊಟ್ಟಿಗೆಯ ಟಕ್ ಟಕ್. ಕುರ್ಬಾನಿನ ಬಾಡು ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಮಾರುವಂತಿಲ್ಲ, ನಾಳೆಗೆ ಇಡುವಂತಿಲ್ಲ, ನಾಯಿಗೆ ಹಾಕುವಂತಿಲ್ಲ, ಎಲುಬನ್ನೂ ಮಣ್ಣಲ್ಲಿ ಹೂಳಬೇಕು. ಉಳಿದರೆ ಬೇಡ ಎಂದು ಹಿಂದಕ್ಕೆ ತಳ್ಳಿದ ಹಾಗೆ. ಅಂದರೆ ಸ್ತಾಮೆನ್ ಹೇಳಿದ್ದೇ ನಿಜವಾಗುತ್ತದೆ. ಪಾದ್ರಿ ಹೇಳಿದ್ದೇ ನಿಜವಾಗುತ್ತದೆ. ಆ ವರ್ಷಗಳಿಗೆ ಹೇಳುವಂಥದ್ದು ಏನೂ ಇರಲಿಲ್ಲ ಎಂದಾಗುತ್ತದೆ.

ಒಂದು ಗಂಟೆ ಗೇಟಿನ ಕಡೆ ನೋಡುತ್ತ ಹಂಡೆ ಕಲಕಿದೆ. ಆಮೇಲೆ ನೆತ್ತಿಗೇರಿತು. ಉಣ್ಣುವವರಿಲ್ಲದಿದ್ದರೆ ಬೇಡ. ಹೇಳಬೇಕಾದ್ದನ್ನು ಹೇಳಿಯೇ ತೀರುತ್ತೇನೆ ಎಂದುಕೊಂಡೆ. ಸೌಟು ಕೈಯಲ್ಲೇ ಇತ್ತು. ತಲೆ ಮೇಲಕ್ಕೆತ್ತಿದೆ. ಪ್ರಾರ್ಥನೆಯ ದನಿಯಲ್ಲ, ದನ ಅಟ್ಟುವ ದನಿಯಲ್ಲಿ ಶುರು ಮಾಡಿದೆ.

"ಕೇಳಿಸ್ಕೋ! ನಿನ್ನ ಮೇಲೆ ನಂಗೆ ಸಿಟ್ಟಿದೆ, ಅದು ಬೇರೆ. ಈಗ ಇದನ್ನ ಕೇಳಿಸ್ಕೋ. ಆಸ್ಪತ್ರೇಲಿ ಕಣ್ಣು ಬಿಟ್ಟು ರೊಟ್ಟಿ ಕೇಳಿದ್ನಲ್ಲ, ಅದಕ್ಕೆ! ಊರಿಗೆ ಬರೋ ದಾರೀಲಿ ಬಸ್ಸಲ್ಲಿ ನನ್ನ ಮಡಿಲ ಮೇಲೆ ವಾಂತಿ ಮಾಡಿದ್ನಲ್ಲ, ಅದಕ್ಕೆ! ಮೊದಲನೇ ಕ್ಲಾಸಲ್ಲಿ ನನ್ನ ಹೆಸರನ್ನ ತಪ್ಪಾಗಿ ಗೋಡೆ ಮೇಲೆ ಇದ್ದಿಲಲ್ಲಿ ಬರೆದ್ನಲ್ಲ, ನಾನು ಬಾರಿಸಿದ್ನಲ್ಲ, ಬಾರಿಸಿದ ಮೇಲೂ ಬಂದು ನನ್ನ ಪಕ್ಕದಲ್ಲೇ ಮಲಗಿದ್ನಲ್ಲ, ಅದಕ್ಕೆ! ಹನ್ನೆರಡು ವರ್ಷಕ್ಕೆ ಧ್ವನಿ ಒಡೆದು ಹುಂಜದ ತರ ಹಾಡ್ತಿದ್ನಲ್ಲ, ಅದಕ್ಕೆ! ಅವನ ಕಾಲುಚೀಲದ ನಾತಕ್ಕೆ! ಅದಕ್ಕೂ! ತಂಬಾಕು ಪೋಣಿಸೋ ದಿನ ಹೊಟ್ಟೆನೋವು ಅಂತ ಸುಳ್ಳು ಹೇಳಿ ಹೊಳೆಗೆ ಹೋಗ್ತಿದ್ನಲ್ಲ, ಅದಕ್ಕೆ! ಏಳನೇ ವರ್ಷಕ್ಕೆ ನಮ್ಮ ಕಂದು ಹೇಸರಗತ್ತೆ ಮೇಲೆ ಹಿಂದುಮುಂದಾಗಿ ಕೂತು ಪಕ್ಕದೂರಿನ ತನಕ ಹೋಗಿ, ಯಾರದ್ದೋ ಕೋಳಿ ತಬ್ಕೊಂಡು ವಾಪಸ್ ಬಂದ್ನಲ್ಲ..."

ಟಕ್ ಟಕ್ ನಿಂತಿತು.

"ಅದು ನಮ್ಮ ಹೇಸರಗತ್ತೆ ಅಲ್ಲ" ಎಂದಿತು ಕೊಟ್ಟಿಗೆ.

ನಾನು ತಿರುಗಿದೆ. ಸ್ತಾಮೆನ್ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಸುತ್ತಿಗೆ.

"ನಮ್ದೇ" ಎಂದೆ.

"ನಮ್ದು ಕುಂಟ್ತಿತ್ತು ಆ ವರ್ಷ. ಅದು ರಾಯಿಫ್‌ದು. ಬೂದು ಬಣ್ಣದ್ದು. ಕೋಳಿನೂ ಅಲ್ಲ, ಬಾತು."

"ಕೋಳಿ!"

"ಬಾತು ಕಣೇ! ನನ್ನ ಕೈ ಕಚ್ಚಿತ್ತು, ಗುರುತಿನ್ನೂ ಇದೆ. ಲ್ಯೂಬೆನ್ ನಗ್ತಾ ಬಿದ್ದು ಹೊರಳಾಡ್ತಿದ್ದ, ನಾನು ಅವನಿಗೂ ಎರಡು ಕೊಟ್ಟೆ." ಹೆಸರು ಬಾಯಿಂದ ಬಂದದ್ದು ಅವನಿಗೇ ಕೇಳಿಸಿತು. ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. ನಾಲ್ಕು ಹೆಜ್ಜೆ ಅಂಗಳಕ್ಕೆ ಬಂದ. "ಹೇಳೋದಾದ್ರೆ ಸರಿಯಾಗಿ ಹೇಳು. ಇಲ್ಲಾಂದ್ರೆ ಹೇಳ್ಬೇಡ."

"ನಂಗೆ ಗೊತ್ತಿದ್ದಷ್ಟು ನಾನು ಹೇಳ್ತೀನಿ. ನಿಂಗೆ ಜಾಸ್ತಿ ಗೊತ್ತಿದ್ರೆ ನೀನ್ ಹೇಳು."

ಅವನು ಹಂಡೆಯ ಒಳಗೆ ಬಗ್ಗಿ ನೋಡಿದ.

"ಹದಿನೈದಕ್ಕೆ ಪಗಡೇಲಿ ನನ್ನ ಮೊದಲನೇ ಸಲ ಸೋಲಿಸ್ದ" ಎಂದ. "ನಾನು ಎರಡು ದಿನ ಮಾತಾಡ್ಸಲಿಲ್ಲ. ಆಮೇಲೆ ಮೂರು ವರ್ಷ ಬೇಕಂತಲೇ ಸೋಲ್ತಿದ್ದ ನನ್ಮಗ. ಒಳ್ಳೇ ದಾಳ ಬಿದ್ರೂ ಕೆಟ್ಟ ನಡೆ ನಡೀತಿದ್ದ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದ." ಮೂಗು ತೋಳಿಗೆ ಒರೆಸಿಕೊಂಡ. "ಗೊತ್ತಿತ್ತು. ಗೆದ್ದು ಗೆದ್ದು ಖುಷಿಪಡ್ತಿದ್ದೆ. ಅದಕ್ಕೆ."

ಆ ಕೊನೆಯ ಮಾತನ್ನು ಅವನು ನನ್ನ ಹಾಗೆ ಕೂಗಿ ಹೇಳಲಿಲ್ಲ. ಹಂಡೆಗೆ ಹೇಳಿದ. ನಾನು ಒಂದು ಬಟ್ಟಲಿಗೆ ತುಂಬ ಹಾಕಿ ಅವನ ಕೈಗೆ ಕೊಟ್ಟೆ. ಯಾವ ಮಾತನ್ನೂ ಹೇಳಿಸಲಿಲ್ಲ. ಆಗಲೇ ಹೇಳಿಯಾಗಿತ್ತು.

ಬೇಲಿಯ ಆಚೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು. ಕೇರಾ ಅಜ್ಜಿ ಮನೆಗೆ ಹೋಗಿರಲೇ ಇಲ್ಲ. ಒಂದು ಗಂಟೆಯಿಂದ ಬೇಲಿಗೆ ಕಿವಿ ಕೊಟ್ಟು ನಿಂತಿದ್ದಳು ಮುದುಕಿ, ಖಾಲಿ ಪಾತ್ರೆ ಹಿಡಿದು.

"ನನ್ನ ಕಿಟಕಿ ಗಾಜು ಒಡೆದಿದ್ದು ಹೇಳ್ಲಿಲ್ಲ ನೀನು" ಎಂದಳು.

"ಅದು ನಿನ್ನ ಕಿಟಕಿ. ನೀನ್ ಹೇಳು."

"ಒಡೆದ. ನಾನು ಶಾಪ ಹಾಕ್ದೆ. ಮಾರನೇ ದಿನ ಎಲ್ಲಿಂದಲೋ ಗಾಜು ತಂದು ತಾನೇ ಕೂರ್ಸ್ದ. ವಾರೆ ಕೂರ್ಸ್ದ, ಇವತ್ತಿಗೂ ಚಳಿಗಾಳಿ ಅಲ್ಲಿಂದ ಒಳಗೆ ಬರುತ್ತೆ. ಸುಳ್ಳು ಹೇಳಲ್ಲ, ಪ್ರತಿ ಚಳಿಗಾಲ ಬೈಕೋತೀನಿ." ಪಾತ್ರೆಯನ್ನು ಬೇಲಿಯ ಮೇಲಿಂದ ಚಾಚಿದಳು. "ಬೈಯೋಕಾದ್ರೂ ನೆನಪಾಗ್ತಾನಲ್ಲ. ಅದಕ್ಕೆ ಅಂತ ಬರ್ಕೋ. ಹಾಕು."

"ಗೇಟಿಂದ ಬಾ. ಕಳ್ಳಿ ತರ ಬೇಲಿ ಮೇಲಿಂದ ಇಸ್ಕೋಬೇಡ."

ಗೇಟಿನಿಂದ ಬಂದಳು. ಮೂಳೆಯ ಜೊತೆ ಎರಡು ಸೌಟು ಹಾಕಿದೆ. ಕೂತು ಅಲ್ಲೇ ತಿಂದಳು, ಮನೆಗೆ ಒಯ್ಯಲಿಲ್ಲ. ಆಮೇಲೆ ಗೇಟಿಗೆ ಹೋಗಿ ಬೀದಿಗೆ ಮುಖ ಮಾಡಿ ಕೂಗಿದಳು: "ಬನ್ರೇ! ಇಲ್ಲಿ ಯಾವ ಮಾತೂ ಕೇಳ್ತಾ ಇಲ್ಲ ಇವಳು! ಹುಡುಗ ಏನ್ ಮಾಡ್ದ ಅಂತ ಹೇಳ್ಬೇಕಂತೆ, ಅಷ್ಟೆ!" ಹಾಗೆಂದು ನಾನು ಹೇಳಿರಲಿಲ್ಲ. ಆದರೆ ಅಲ್ಲಗಳೆಯಲೂ ಇಲ್ಲ.

ಎಲ್ಲರೂ ಬರಲಿಲ್ಲ. ಅಂಗಡಿಯ ಮುಂದಿನವರು ಬರಲಿಲ್ಲ. ಪಾದ್ರಿ ನಿಕಿಫೋರ್ ರಸ್ತೆಯಲ್ಲಿ ಹಾದುಹೋದರು. "ಪುಸ್ತಕದಲ್ಲಿಲ್ಲದ್ದು ಇಲ್ಲಿ ಕೇಳಿಸುತ್ತೆ, ಬನ್ನಿ!" ಎಂದು ಕೂಗಿದೆ. ನಿಲ್ಲಲಿಲ್ಲ. ಬಂದವರಿಗೆ ಮಾತ್ರ ಬಾಯಿ ಕಟ್ಟಿದ್ದು ಬಿಚ್ಚಿಕೊಂಡಿತು. ಒಬ್ಬಳು, ನಮ್ಮ ಪ್ಲಮ್ ಮರ ಪೂರ್ತಿ ಬೋಳಿಸಿದ್ದ ಎಂದಳು. ಒಬ್ಬಳು, ನಂಗೆ ಹೆರಿಗೆ ನೋವು ಬಂದಾಗ ಪೆಟ್ರೋಲ್ ಮುಗಿದ ಗಾಡೀನ ಬೆಟ್ಟದ ಇಳಿಜಾರು ಸಿಗೋವರೆಗೂ ತಳ್ಳಿದ್ದ ಎಂದಳು. ಅದು ನನಗೆ ಗೊತ್ತೇ ಇರಲಿಲ್ಲ. ಸ್ತಾಮೆನ್‌ಗೂ ಗೊತ್ತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಬ್ಬ ಹುಡುಗಿ ಪಾತ್ರೆ ಚಾಚಿ, ಏನೂ ಹೇಳಲಾರದೆ ಕೆಂಪಾಗಿ ನಿಂತಳು. ಅವಳನ್ನು ನಾನು ಕೇಳಲಿಲ್ಲ. ತುಂಬಿಸಿ ಕಳಿಸಿದೆ.

ಸಂಜೆಯ ಬಿಸಿಲು ಬೆಟ್ಟದ ನೆತ್ತಿಯಲ್ಲಷ್ಟೇ ಉಳಿಯುವಷ್ಟರಲ್ಲಿ ಹಂಡೆಯ ತಳ ಕಂಡಿತು. ಕುರ್ಬಾನ್ ಕೊಟ್ಟವರು ಕೊನೆಗೆ ಉಣ್ಣಬೇಕು, ಬೇಯಿಸುವಾಗ ರುಚಿ ನೋಡುವಂತಿಲ್ಲ. ಕೆರೆದು ನನ್ನ ಬಟ್ಟಲಿಗೆ ಹಾಕಿಕೊಂಡು ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪೋ ಉಪ್ಪು. ಪಾದ್ರಿ ಓದದ ಉಪ್ಪನ್ನು ಸಿಟ್ಟಿನಲ್ಲಿ ಎರಡು ಸಲ ಸುರಿದಿದ್ದೆ.

"ಯಾರೂ ಹೇಳಲೇ ಇಲ್ವಲ್ಲೋ!" ಎಂದೆ.

"ಹೇಳಿದ್ರೆ ಸೌಟಲ್ಲಿ ಹೊಡೀತಿದ್ದೆ" ಎಂದ ಸ್ತಾಮೆನ್. ಅವನು ಎರಡನೆಯ ಬಟ್ಟಲು ಮುಗಿಸಿ ರೊಟ್ಟಿಯಿಂದ ಒರೆಸುತ್ತಿದ್ದ. ಮುಖ ಎತ್ತದೆ ಕೇಳಿದ: "ಒಪ್ಕೊಂಡಿರ್ತಾನೆ ಅಂತೀಯಾ ಅವನು?"

"ಒಪ್ಕೊಂಡಿಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಕೊಡ್ತೀನಿ."

"ಒಪ್ಕೊಂಡಿದ್ರೆ?"

"ಒಪ್ಕೊಂಡಿದ್ರೂ ಕೊಡ್ತೀನಿ. ಇನ್ನೂ ಅರ್ಧ ಹೇಳಿಲ್ಲ ನಾನು. ಏಳು, ಎಲುಬು ಹೂಳೋಕೆ ಗುದ್ದಲಿ ತಗೊಂಬಾ."